ಕ್ಯಾಬಿನೆಟ್ ಫ್ಯಾನ್‌ಗಳು ಯಾವಾಗಲೂ ಫುಲ್ ಸ್ಪೀಡ್, ಬಯಾಸ್‌ನಲ್ಲಿ ಏನು ಬದಲಿಸಿದರೂ ಕೇಳ್ತಿಲ್ಲ (ದಾವಣಗೆರೆ)

ನಿಟ್ಟುವಳ್ಳಿ ಹುಡುಗ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಮದುವೆ ವಿಡಿಯೋ ಎಡಿಟಿಂಗ್‌ಗೆ ಅಂತ ಮನೆಯಲ್ಲೇ ಒಂದು ಪಿಸಿ ಜೋಡಿಸಿದ್ದೇನೆ. ರೈಜನ್ 5 5600 ಸಿಪಿಯು, ಗಿಗಾಬೈಟ್ ಬಿ550ಎಂ ಬೋರ್ಡ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ ಜೊತೆಗೇ ನಾಲ್ಕು ಫ್ಯಾನ್ ಬಂದವು. ಮುಂದೆ ಮೂರು, ಹಿಂದೆ ಒಂದು, ಎಲ್ಲಾ 120 ಎಂಎಂ.

ಕೆಲಸಕ್ಕೆ ಏನೂ ತೊಂದರೆ ಇಲ್ಲ. ತೊಂದರೆ ಸದ್ದಿನದು. ಸ್ವಿಚ್ ಒತ್ತಿದಾಗಿನಿಂದ ಆಫ್ ಮಾಡುವ ತನಕ ನಾಲ್ಕೂ ಫ್ಯಾನ್ ಒಂದೇ ಸಮನೆ ಜೋರಾಗಿ ತಿರುಗುತ್ತವೆ. ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟರೂ ಅಷ್ಟೇ, ರೆಂಡರ್ ಹಾಕಿದರೂ ಅಷ್ಟೇ. ಪಿಸಿ ಇರುವುದು ನಡುಮನೆಯಲ್ಲಿ. ಪಕ್ಕದಲ್ಲೇ ಅಜ್ಜಿ ಮಲಗುತ್ತಾರೆ. ರಾತ್ರಿ ರೆಂಡರ್‌ಗೆ ಬಿಟ್ಟರೆ ಅವರಿಗೆ ನಿದ್ದೆ ಹತ್ತುವುದಿಲ್ಲ.

ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್) ಫ್ಯಾನ್ ವೇಗದ ಪುಟ ಸ್ಮಾರ್ಟ್ ಫ್ಯಾನ್ 5 ತೆರೆದು, ಕ್ಯಾಬಿನೆಟ್ ಫ್ಯಾನಿನ ಹೆಡರ್‌ಗಳಾದ (ಬೋರ್ಡಿನಲ್ಲಿ ಫ್ಯಾನ್ ವೈರ್ ಕೂರಿಸುವ ಪಿನ್‌ಗಳು) ಸಿಸ್ ಫ್ಯಾನ್ 1, ಸಿಸ್ ಫ್ಯಾನ್ 2 ಎರಡಕ್ಕೂ ಸೈಲೆಂಟ್ ಹಾಕಿದೆ. ಏನೂ ಆಗಲಿಲ್ಲ. ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವ ಗೆರೆ) ಕೈಯಿಂದಲೇ ಎಳೆದು ಕೆಳಗಿಳಿಸಿದೆ, ಆಗಲೂ ಇಲ್ಲ. ಸಿಪಿಯು ಕೂಲರ್ ಫ್ಯಾನ್ ಮಾತ್ರ ಹೇಳಿದ ಹಾಗೆ ಕೇಳುತ್ತದೆ. ಬೋರ್ಡ್ ಕೆಟ್ಟಿದೆಯಾ? ಅಥವಾ ಫ್ಯಾನೇ ಹೀಗಾ?

ಕೋಟೆನಾಡು:

ಚಿತ್ರದುರ್ಗದಿಂದ ನಮಸ್ಕಾರ. ಬೋರ್ಡ್ ಕೆಟ್ಟಿರುವುದು ತೀರಾ ಅಪರೂಪ. ಸಿಪಿಯು ಫ್ಯಾನ್ ಮಾತು ಕೇಳುತ್ತಿದೆ ಎಂದರೆ ಕಂಟ್ರೋಲ್ ಚಿಪ್ ಜೀವಂತ ಇದೆ ಅಂತಲೇ ಅರ್ಥ.

ಮೊದಲು ಎರಡು ವಿಷಯ ಹೇಳಿ. ಬಯಾಸ್‌ನಲ್ಲಿ ಸಿಸ್ ಫ್ಯಾನ್ 1 ಮತ್ತು 2ರ ಎದುರು ಆರ್‌ಪಿಎಂ ಎಷ್ಟು ತೋರಿಸುತ್ತದೆ? ಆಮೇಲೆ, ಬಲಗಡೆಯ ಪ್ಯಾನಲ್ ಬಿಚ್ಚಿ ಪ್ರತಿ ಫ್ಯಾನ್‌ನ ವೈರ್ ಹಿಡಿದು ಅದು ಕೊನೆಗೆ ಎಲ್ಲಿ ಸೇರುತ್ತದೆ ನೋಡಿ. ಬಯಾಸ್ ಮುಟ್ಟುವ ಮೊದಲು ವೈರ್ ನೋಡಬೇಕು. ಬೋರ್ಡಿಗೆ ಬಂದು ಸೇರದ ಫ್ಯಾನ್‌ಗೆ ನೀವು ಎಷ್ಟು ಚೆಂದದ ಕರ್ವ್ ಬರೆದರೂ ಅದಕ್ಕೆ ಗೊತ್ತಾಗುವುದಿಲ್ಲ.

ಮಂಡಿಪೇಟೆ:

ನಾನು ಟಿವಿ, ಸ್ಟೆಬಿಲೈಜರ್ ರಿಪೇರಿ ಮಾಡುವವನು. ಇಷ್ಟೆಲ್ಲಾ ಯಾಕೆ ತಮ್ಮಾ? ಎಸ್‌ಎಂಪಿಎಸ್‌ನಿಂದ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬರುವ ಮೋಲೆಕ್ಸ್ ಪಿನ್ನಿನಲ್ಲಿ ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್. ಫ್ಯಾನಿನ ಪ್ಲಸ್ ಹಳದಿಗೆ, ಮೈನಸ್ ಕೆಂಪಿಗೆ ಕೊಟ್ಟರೆ ನಡುವೆ 7 ವೋಲ್ಟ್ ಸಿಗುತ್ತದೆ. ಸದ್ದು ಅರ್ಧ ಆಗುತ್ತದೆ. ಹಿಂದೆ ಎಲ್ಲರೂ ಹೀಗೇ ಮಾಡುತ್ತಿದ್ದರು.

ಕೋಟೆನಾಡು:

ಮಂಡಿಪೇಟೆ ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಇದನ್ನು ಹೊಸಬರು ಮಾಡಬಾರದು. ಹಾಗೆ ಜೋಡಿಸಿದಾಗ ಫ್ಯಾನಿನ ಕರೆಂಟ್ 5 ವೋಲ್ಟ್ ಲೈನಿಗೆ ವಾಪಸ್ ಹೋಗುತ್ತದೆ. ಎಸ್‌ಎಂಪಿಎಸ್‌ನ ಆ ಲೈನ್ ಕರೆಂಟ್ ಕೊಡುವುದಕ್ಕೆ ಇರುವುದೇ ಹೊರತು ತೆಗೆದುಕೊಳ್ಳುವುದಕ್ಕಲ್ಲ. ಬೇರೆ ಭಾಗಗಳು ಆ ಲೈನಿನಿಂದ ಅಷ್ಟು ಕರೆಂಟ್ ಎಳೆಯುತ್ತಿದ್ದರೆ ನಡೆದುಹೋಗುತ್ತದೆ. ಎಳೆಯದಿದ್ದರೆ ಅಲ್ಲಿನ ವೋಲ್ಟೇಜ್ ಮೇಲೇರುತ್ತದೆ. ಅದೇ ಲೈನಿನಲ್ಲಿ ಅವರ ಎಸ್‌ಎಸ್‌ಡಿ ಕೂತಿದೆ, ಅದರಲ್ಲಿ ಬೇರೆಯವರ ಮದುವೆ ವಿಡಿಯೋ ಇದೆ.

ಮಂಡಿಪೇಟೆ:

ಎಸ್‌ಎಸ್‌ಡಿ ಮಾತು ಸರಿ. ಹಾಗಾದರೆ ಸೀರೀಸ್‌ನಲ್ಲಿ ರೆಸಿಸ್ಟರ್ ಹಾಕಬಹುದು, ಅದರಿಂದ ಯಾವ ಲೈನಿಗೂ ಅಪಾಯ ಇಲ್ಲ.

ಕೋಟೆನಾಡು:

ಹೌದು ಸರ್, ಅದು ಸುರಕ್ಷಿತ. ಕೆಲವು ಫ್ಯಾನ್ ಜೊತೆ ಬರುವ ಲೋ ನಾಯ್ಸ್ ವೈರ್‌ನೊಳಗೆ ಇರುವುದೂ ಅದೇ. ಆದರೆ ಅದು ವೇಗವನ್ನು ಒಂದು ಕಡೆ ಕಟ್ಟಿಹಾಕುತ್ತದೆ. ಜನವರಿಯಲ್ಲೂ ಅಷ್ಟೇ, ಏಪ್ರಿಲ್‌ನಲ್ಲೂ ಅಷ್ಟೇ. ನಮ್ಮ ಕಡೆ ಬಿಸಿಲಿಗೆ ಅದು ಸಾಲದು. ಬೇಕಾದಾಗ ಏರಬೇಕು, ಬೇಡದಾಗ ಇಳಿಯಬೇಕು.

ನಿಟ್ಟುವಳ್ಳಿ ಹುಡುಗ:

ಪ್ಯಾನಲ್ ಬಿಚ್ಚಿ ನೋಡಿದೆ. ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ.

ಎಸ್‌ಎಸ್‌ಡಿ ತಗಡಿನ ಕೆಳಗೆ ಡಬಲ್ ಟೇಪಿನಿಂದ ಅಂಟಿಸಿದ ಒಂದು ಸಣ್ಣ ಕಪ್ಪು ಪೆಟ್ಟಿಗೆ ಇದೆ. ಮುಂದಿನ ಮೂರು ಫ್ಯಾನಿನ ವೈರ್ ಅದರೊಳಗೆ ಹೋಗುತ್ತವೆ. ಮೂರಕ್ಕೂ ನಾಲ್ಕು ಪಿನ್. ಪೆಟ್ಟಿಗೆಯಿಂದ ಒಂದು ಸಾಟಾ ಪವರ್ ವೈರ್ ಹೊರಟು ಎಸ್‌ಎಂಪಿಎಸ್‌ಗೆ ಸೇರಿದೆ. ಇನ್ನೊಂದು ತೆಳ್ಳನೆಯ ವೈರ್ ಇದೆ. ಅದರ ತುದಿಯಲ್ಲಿ ಫ್ಯಾನ್ ಹೆಡರ್‌ಗೆ ಕೂರುವಂಥ ನಾಲ್ಕು ತೂತಿನ ಪ್ಲಗ್, ಆದರೆ ಎರಡೇ ತೂತಿನಲ್ಲಿ ಲೋಹ ಇದೆ. ಉಳಿದೆರಡು ಖಾಲಿ. ಈ ವೈರ್ ಎಲ್ಲಿಗೂ ಹಾಕಿಲ್ಲ, ಉಳಿದ ವೈರ್‌ಗಳ ಜೊತೆ ಒಂದೇ ಟೈನಲ್ಲಿ ಬಿಗಿದಿದೆ. ಕ್ಯಾಬಿನೆಟ್ ಜೊತೆ ಬಂದ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಹಿಂದಿನ ಫ್ಯಾನ್ ಮೂರು ಪಿನ್ನಿನದು, ನೇರ ಸಿಸ್ ಫ್ಯಾನ್ 1ಕ್ಕೆ ಹೋಗಿದೆ. ಬಯಾಸ್‌ನಲ್ಲಿ ಸಿಸ್ ಫ್ಯಾನ್ 1 ಸದಾ 1400ರ ಆಸುಪಾಸು. ಸಿಸ್ ಫ್ಯಾನ್ 2 ಸೊನ್ನೆ.

ಕೋಟೆನಾಡು:

ಸಿಕ್ಕಿತು. ನಿಮ್ಮಲ್ಲಿ ಇರುವುದು ಒಂದು ದೋಷ ಅಲ್ಲ, ಎರಡು ಬೇರೆ ಬೇರೆ ದೋಷ. ಒಂದೇ ಥರ ಸದ್ದು ಮಾಡುವುದರಿಂದ ಒಂದೇ ಅಂತ ಅನಿಸುತ್ತದೆ.

ಮುಂದಿನ ಮೂರು ಫ್ಯಾನ್ ಮೊದಲು. ನಾಲ್ಕು ಪಿನ್ ಫ್ಯಾನಿಗೆ ಯಾವಾಗಲೂ ಪೂರ್ತಿ 12 ವೋಲ್ಟ್ ಹೋಗುತ್ತಿರುತ್ತದೆ. ಒಂದು ಪಿನ್ ಗ್ರೌಂಡ್, ಒಂದು 12 ವೋಲ್ಟ್, ಮೂರನೆಯದು ತಿರುಗುವ ವೇಗವನ್ನು ಬೋರ್ಡಿಗೆ ಹೇಳುವ ಟ್ಯಾಕೋ, ನಾಲ್ಕನೆಯದು ಪಿಡಬ್ಲ್ಯೂಎಂ. ಎಷ್ಟು ವೇಗ ಬೇಕು ಅನ್ನುವ ಅಪ್ಪಣೆ ಬರುವುದು ಈ ನಾಲ್ಕನೆಯ ವೈರ್‌ನಲ್ಲಿ ಮಾತ್ರ. ಬೋರ್ಡ್ ಇಲ್ಲಿ ಸೆಕೆಂಡಿಗೆ ಸುಮಾರು 25,000 ಸಲ ಸಿಗ್ನಲ್ ಆನ್ ಆಫ್ ಮಾಡುತ್ತದೆ. ಪ್ರತಿ ಸಲ ಎಷ್ಟು ಹೊತ್ತು ಆನ್ ಇರುತ್ತದೆ ಎನ್ನುವುದೇ ಶೇಕಡಾವಾರು ವೇಗ. ಈ ವೈರ್‌ನಲ್ಲಿ ಸಿಗ್ನಲ್ಲೇ ಬರದಿದ್ದರೆ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಹಾಗೆ ಮಾಡಿರುವುದು ಬೇಕೆಂದೇ. ವೈರ್ ಕಿತ್ತುಹೋದರೆ ಫ್ಯಾನ್ ನಿಂತು ಸಾಮಾನು ಸುಡುವುದಕ್ಕಿಂತ ಸದ್ದು ಮಾಡುವುದು ವಾಸಿ.

ನಿಮ್ಮ ಕಪ್ಪು ಪೆಟ್ಟಿಗೆ ಹಬ್, ಅಂದರೆ ಹಲವು ಫ್ಯಾನ್ ಒಟ್ಟಿಗೆ ಸೇರುವ ಜಾಗ. ಕರೆಂಟನ್ನು ಸಾಟಾದಿಂದ ತೆಗೆದುಕೊಳ್ಳುತ್ತದೆ. ಎರಡೇ ಲೋಹದ ಪಿನ್ ಇರುವ ತೆಳು ವೈರ್ ಇದೆಯಲ್ಲ, ಅದೇ ಅಪ್ಪಣೆಯ ವೈರ್. ಒಂದು ಪಿಡಬ್ಲ್ಯೂಎಂ, ಇನ್ನೊಂದು ಟ್ಯಾಕೋ. ಅದನ್ನು ಸಿಸ್ ಫ್ಯಾನ್ 2ಕ್ಕೆ ಹಾಕಿ. ಹೆಡರ್‌ನ ಪಕ್ಕದ ಪ್ಲಾಸ್ಟಿಕ್ ಗೋಡೆ ನೋಡಿಕೊಂಡು ಕೂರಿಸಿ, ತಿರುಗಾಮುರುಗಾ ಆಗಬಾರದು. ಬಯಾಸ್‌ನಲ್ಲಿ ಆ ಹೆಡರ್‌ನ ಫ್ಯಾನ್ ಕಂಟ್ರೋಲ್ ಮೋಡ್ ಪಿಡಬ್ಲ್ಯೂಎಂ ಇರಲಿ.

ಮೂರು ಫ್ಯಾನ್ ಇದ್ದರೂ ಒಂದರ ಆರ್‌ಪಿಎಂ ಮಾತ್ರ ಕಾಣುತ್ತದೆ. ಗಾಬರಿ ಬೇಡ. ಫ್ಯಾನ್ ಒಂದು ಸುತ್ತಿಗೆ ಎರಡು ಪಲ್ಸ್ ಕಳಿಸುತ್ತದೆ. ಮೂರು ಫ್ಯಾನಿನ ಪಲ್ಸ್ ಒಂದೇ ವೈರ್‌ಗೆ ಸುರಿದರೆ ಬೋರ್ಡಿಗೆ ಅರ್ಥವೇ ಇಲ್ಲದ ಸಂಖ್ಯೆ ಕಾಣುತ್ತದೆ. ಅದಕ್ಕೇ ಒಳ್ಳೆಯ ಹಬ್ ಮತ್ತು ಸ್ಪ್ಲಿಟರ್‌ಗಳು (ಒಂದು ಹೆಡರನ್ನು ಹಲವು ಫ್ಯಾನಿಗೆ ಹಂಚುವ ಕವಲು ವೈರ್) ಒಂದೇ ಪೋರ್ಟಿನ ಟ್ಯಾಕೋ ವೈರ್ ಮುಂದಕ್ಕೆ ಕಳಿಸುತ್ತವೆ, ಉಳಿದವನ್ನು ಬಿಟ್ಟಿರುತ್ತವೆ.

ಈಗ ಹಿಂದಿನದು. ಮೂರು ಪಿನ್ ಫ್ಯಾನಿನಲ್ಲಿ ಅಪ್ಪಣೆಯ ವೈರ್ ಇಲ್ಲವೇ ಇಲ್ಲ. ಹೆಡರ್ ಪಿಡಬ್ಲ್ಯೂಎಂ ಮೋಡ್‌ನಲ್ಲಿದ್ದರೆ 12 ವೋಲ್ಟ್ ಹಾಗೇ ಹೋಗುತ್ತದೆ, ನೀವು ಹೇಳುವುದು ಅದಕ್ಕೆ ಕೇಳಿಸುವುದಿಲ್ಲ. ಮೋಡನ್ನು ವೋಲ್ಟೇಜ್‌ಗೆ ಬದಲಿಸಿ. ಬೇರೆ ಬೋರ್ಡ್‌ಗಳಲ್ಲಿ ಇದನ್ನೇ ಡಿಸಿ ಅನ್ನುತ್ತಾರೆ. ಆಗ ಬೋರ್ಡ್ ವೋಲ್ಟೇಜನ್ನೇ ಇಳಿಸಿ ವೇಗ ಕಡಿಮೆ ಮಾಡುತ್ತದೆ. ಆಟೋ ಅಂತಲೂ ಇದೆ. ನೇರ ಹಾಕಿದ ಫ್ಯಾನನ್ನು ಅದು ಸಾಮಾನ್ಯವಾಗಿ ಗುರುತಿಸುತ್ತದೆ. ಹಬ್ ನಡುವೆ ಇದ್ದರೆ ಆಟೋ ನಂಬಬೇಡಿ, ಕೈಯಿಂದಲೇ ಆರಿಸಿ.

ವಿನೋಬನಗರ:

ನಡುವೆ ಒಂದು ಪ್ರಶ್ನೆ. ನನ್ನ ಫ್ಯಾನ್‌ಗಳಿಂದ ಎರಡೆರಡು ವೈರ್ ಹೊರಡುತ್ತವೆ. ಒಂದು ಲೈಟಿನದು ಅಂತ ಅಂಗಡಿಯವರು ಹೇಳಿದರು. ಎರಡನ್ನೂ ಬೋರ್ಡಿಗೆ ಹಾಕಬಹುದಾ?

ಕೋಟೆನಾಡು:

ಹಾಕಬಹುದು ಮೇಡಂ, ಆದರೆ ಲೈಟಿನ ವೈರ್ ಹಾಕುವಾಗ ಬೋರ್ಡಿನ ಮೇಲಿನ ಬರಹ ಓದಲೇಬೇಕು. ಎಆರ್‌ಜಿಬಿ (ಒಂದೊಂದು ಎಲ್‌ಇಡಿಗೂ ಬೇರೆ ಬಣ್ಣ ಕೊಡಬಹುದಾದ ಲೈಟ್) 5 ವೋಲ್ಟ್, ಅದಕ್ಕೆ ಮೂರು ಪಿನ್, ನಡುವೆ ಒಂದು ಪಿನ್ ಜಾಗ ಖಾಲಿ. ಹಳೆಯ ಆರ್‌ಜಿಬಿ 12 ವೋಲ್ಟ್, ನಾಲ್ಕು ಪಿನ್. 5 ವೋಲ್ಟಿನ ಲೈಟಿಗೆ 12 ವೋಲ್ಟ್ ಕೊಟ್ಟರೆ ಎಲ್‌ಇಡಿ ಅಲ್ಲೇ ಸುಟ್ಟುಹೋಗುತ್ತವೆ. ಅನುಮಾನ ಇದ್ದರೆ ಲೈಟಿನ ವೈರ್ ಬಿಟ್ಟುಬಿಡಿ. ಫ್ಯಾನ್ ತಿರುಗುವುದಕ್ಕೆ ಅದು ಬೇಕಿಲ್ಲ.

ನಿಟ್ಟುವಳ್ಳಿ ಹುಡುಗ:

ಕೋಟೆನಾಡು ಅಣ್ಣ, ಮುಂದಿನ ಮೂರು ಸರಿಹೋದವು! ತೆಳು ವೈರ್ ಸಿಸ್ ಫ್ಯಾನ್ 2ಕ್ಕೆ ಹಾಕಿದ ಕೂಡಲೇ ಆರ್‌ಪಿಎಂ ಕಂಡಿತು, ಕರ್ವ್ ಇಳಿಸಿದರೆ ಫ್ಯಾನ್ ಇಳಿಯುತ್ತದೆ.

ಹಿಂದಿನದಕ್ಕೆ ವೋಲ್ಟೇಜ್ ಮೋಡ್ ಹಾಕಿ 35 ಪರ್ಸೆಂಟ್ ಕೊಟ್ಟೆ. ಈಗ ಹೊಸ ಪೇಚು. ಪಿಸಿ ಆನ್ ಮಾಡಿದಾಗ ಫ್ಯಾನ್ ಶುರುವಾಗುವುದೇ ಇಲ್ಲ. ರೆಕ್ಕೆ ಒಂದು ಬೆರಳಿನಷ್ಟು ಮುಂದೆ ಹೋಗುತ್ತದೆ, ಮತ್ತೆ ಹಿಂದೆ ಬರುತ್ತದೆ, ಹಾಗೇ ತಡಕಾಡುತ್ತಾ ನಿಲ್ಲುತ್ತದೆ. ಪೆನ್ಸಿಲ್ ತುದಿಯಿಂದ ಸ್ವಲ್ಪ ತಳ್ಳಿದರೆ ತಿರುಗಿ, ಆಮೇಲೆ ನಿಲ್ಲದೆ ಓಡುತ್ತದೆ.

ಮಂಡಿಪೇಟೆ:

ಇದು ನನಗೆ ಗೊತ್ತಿರುವ ವಿಷಯ. 12ರಲ್ಲಿ 35 ಪರ್ಸೆಂಟ್ ಅಂದರೆ 4.2 ವೋಲ್ಟ್. ಮೋಟಾರ್ ನಿಂತಲ್ಲಿಂದ ಏಳಲು ಬೇಕಾದ ವೋಲ್ಟೇಜ್, ಓಡುತ್ತಾ ಇರಲು ಬೇಕಾದ ವೋಲ್ಟೇಜಿಗಿಂತ ಜಾಸ್ತಿ. ಇಂಥ ಫ್ಯಾನ್‌ಗೆ ಸಾಮಾನ್ಯವಾಗಿ 5ರಿಂದ 7 ವೋಲ್ಟ್ ಬೇಕು. ತಡಕಾಡುತ್ತಾ ನಿಂತಿರಲು ಬಿಡಬೇಡಿ, ಕಾಯಿಲ್ ಬಿಸಿಯಾಗುತ್ತದೆ.

ಕಂಡುಹಿಡಿಯುವುದು ಸುಲಭ. ಫ್ಯಾನ್ ಪೂರ್ತಿ ನಿಲ್ಲಿಸಿ. ಸೊನ್ನೆಯಿಂದ ಸ್ವಲ್ಪ ಸ್ವಲ್ಪವೇ ಏರಿಸಿ. ಯಾವ ಪರ್ಸೆಂಟಿನಲ್ಲಿ ತಾನಾಗೇ ಎದ್ದು ತಿರುಗುತ್ತದೋ ಬರೆದುಕೊಳ್ಳಿ. ಅದಕ್ಕೆ ಇನ್ನೊಂದು 5 ಸೇರಿಸಿ. ಅದಕ್ಕಿಂತ ಕೆಳಗೆ ಯಾವತ್ತೂ ಇಳಿಸಬೇಡಿ. ಫ್ಯಾನ್ ಹಳೆಯದಾಗಿ ಬೇರಿಂಗ್ ಒಣಗಿದಾಗ ಈ ಸಂಖ್ಯೆ ಮೇಲೇರುತ್ತದೆ, ಆಗ ಮತ್ತೆ ನೋಡಬೇಕು.

ನಿಟ್ಟುವಳ್ಳಿ ಹುಡುಗ:

ಮಾಮ, ಕರೆಕ್ಟ್. 45ರಲ್ಲಿ ಎದ್ದಿತು. 50ಕ್ಕೆ ಇಟ್ಟಿದ್ದೇನೆ.

ಹೊಳಲ್ಕೆರೆ ರೋಡ್:

ನಾನೂ ಚಿತ್ರದುರ್ಗದವನೇ. ಲಿನಕ್ಸ್ ಮಿಂಟ್ ಬಳಸುತ್ತೇನೆ, ಬೋರ್ಡ್ ಬೇರೆ, ಅದರಲ್ಲಿ ಬಿಸಿ ಮತ್ತು ಫ್ಯಾನ್ ನೋಡಿಕೊಳ್ಳುವುದು ನುವೋಟಾನ್ ಚಿಪ್. ಬಿಸಿ ಓದುವ ಎಲ್‌ಎಂ ಸೆನ್ಸರ್ಸ್ ಹಾಕಿ, ಫ್ಯಾನ್ ಸೆಟ್ಟಿಂಗ್ ಫೈಲ್ ಬರೆಯುವ ಪಿಡಬ್ಲ್ಯೂಎಂ ಕಾನ್ಫಿಗ್ ಓಡಿಸಿ, ಫ್ಯಾನ್ ಕಂಟ್ರೋಲ್ ಸರ್ವಿಸ್ ಶುರು ಮಾಡಿದೆ. ಚೆನ್ನಾಗಿ ಓಡುತ್ತಿತ್ತು. ಕೆಲವು ಸಲ ರೀಬೂಟ್ ಆದಮೇಲೆ ಕಾನ್ಫಿಗರೇಶನ್ ಹಳೆಯದಾಗಿದೆ ಅಂತ ಹೇಳಿ ಸರ್ವಿಸ್ ನಿಂತುಬಿಡುತ್ತದೆ. ಏನೂ ಬದಲಿಸಿಲ್ಲ.

ಕೋಟೆನಾಡು:

ಲಿನಕ್ಸ್ ಪ್ರತಿ ಸೆನ್ಸರ್ ಚಿಪ್‌ಗೆ ಎಚ್‌ಡಬ್ಲ್ಯೂಮಾನ್ 0, 1, 2 ಅಂತ ನಂಬರ್ ಕೊಡುತ್ತದೆ. ಡ್ರೈವರ್‌ಗಳು ಯಾವ ಕ್ರಮದಲ್ಲಿ ಲೋಡ್ ಆಗುತ್ತವೋ ಆ ಕ್ರಮದಲ್ಲಿ. ಆ ಕ್ರಮ ರೀಬೂಟ್‌ನಲ್ಲಿ ಬದಲಾಗಬಹುದು. ನಿನ್ನೆ 2 ಆಗಿದ್ದ ಚಿಪ್ ಇವತ್ತು 3 ಆಗಿರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಡಿವೈಸ್ ಹೆಸರು ಮತ್ತು ಪಾತ್ ಎರಡೂ ಬರೆದಿರುತ್ತದೆ. ತಾಳೆಯಾಗದಿದ್ದರೆ ಸರ್ವಿಸ್ ಓಡಲು ಒಪ್ಪುವುದಿಲ್ಲ. ಒಪ್ಪದೇ ಇರುವುದೇ ಒಳ್ಳೆಯದು. ಒಪ್ಪಿದ್ದರೆ ಎಸ್‌ಎಸ್‌ಡಿಯ ಬಿಸಿ ನೋಡಿ ಸಿಪಿಯು ಫ್ಯಾನ್ ತಿರುಗಿಸುತ್ತಿತ್ತು.

ನಿಮ್ಮ ನುವೋಟಾನ್ ಚಿಪ್‌ನ ಎನ್‌ಸಿಟಿ6775 ಡ್ರೈವರನ್ನು ಬೂಟ್ ಶುರುವಿನಲ್ಲೇ ಲೋಡ್ ಆಗುವ ಪಟ್ಟಿಗೆ ಸೇರಿಸಿ, ಆಮೇಲೆ ಪಿಡಬ್ಲ್ಯೂಎಂ ಕಾನ್ಫಿಗ್ ಮತ್ತೊಮ್ಮೆ ಓಡಿಸಿ. ಬಹುತೇಕ ಕ್ರಮ ನಿಲ್ಲುತ್ತದೆ.

ಇನ್ನೂ ಒಂದು ಮಾತು ಇದೆ. ಬಯಾಸ್‌ನ ಕರ್ವ್ ನಡೆಸುವುದು ಬೋರ್ಡಿನ ಚಿಪ್, ಆಪರೇಟಿಂಗ್ ಸಿಸ್ಟಂ ಅಲ್ಲ. ವಿಂಡೋಸ್ ಹ್ಯಾಂಗ್ ಆದರೂ ಲಿನಕ್ಸ್ ಹ್ಯಾಂಗ್ ಆದರೂ ಅದು ತನ್ನ ಕೆಲಸ ಬಿಡುವುದಿಲ್ಲ. ಸಾಫ್ಟ್‌ವೇರ್ ಕೈಯಲ್ಲಿ ಫ್ಯಾನ್ ಕೊಟ್ಟಾಗ ಸಿಸ್ಟಂ ಹ್ಯಾಂಗ್ ಆದರೆ, ಕೊನೆಗೆ ಕೊಟ್ಟ ವೇಗದಲ್ಲೇ ಫ್ಯಾನ್ ಉಳಿದುಬಿಡುತ್ತದೆ. ಅದಕ್ಕೆ ಸಿಪಿಯು ಕೂಲರ್ ಫ್ಯಾನನ್ನು ಬಯಾಸ್‌ಗೇ ಬಿಡಿ. ಕ್ಯಾಬಿನೆಟ್ ಫ್ಯಾನ್ ಬೇಕಾದರೆ ಸಾಫ್ಟ್‌ವೇರ್‌ಗೆ ಕೊಡಿ.

ಹೊಳಲ್ಕೆರೆ ರೋಡ್:

ಮಾಡಿದೆ. ಈಗ ನಿಂತಿದೆ. ಧನ್ಯವಾದ ಅಣ್ಣ.

ನಿಟ್ಟುವಳ್ಳಿ ಹುಡುಗ:

ನನ್ನದು ಇನ್ನೂ ಮುಗಿದಿಲ್ಲ. ಫುಲ್ ಸ್ಪೀಡ್ ಸದ್ದು ಹೋಯಿತು, ಆದರೆ ಈಗ ಫ್ಯಾನ್ ಸುಮ್ನೆ ಇರುವುದಿಲ್ಲ. ಬ್ರೌಸರ್ ತೆರೆದರೆ ಏರುತ್ತದೆ, ಮೂರ್ನಾಲ್ಕು ಸೆಕೆಂಡಿಗೆ ಇಳಿಯುತ್ತದೆ. ಫೋಲ್ಡರ್ ತೆರೆದರೆ ಮತ್ತೆ ಏರುತ್ತದೆ. ಒಂದೇ ಸಮನೆ ಸದ್ದಾಗಿದ್ದರೆ ಕಿವಿ ಹೊಂದಿಕೊಳ್ಳುತ್ತದೆ. ಈ ಏರಿಳಿತ ಅಜ್ಜಿಗೆ ಇನ್ನೂ ಕಷ್ಟ.

ಕೋಟೆನಾಡು:

ಇದು ರೈಜನ್ ಇರುವ ಬಹಳ ಮನೆಗಳ ಕಥೆ, ಕಾಯಿಲೆ ಅಲ್ಲ. ಕೆಲಸ ಬಂದ ಕೂಡಲೇ ಒಂದೆರಡು ಕೋರ್ ಪೂರ್ತಿ ವೇಗಕ್ಕೆ ಹಾರುತ್ತವೆ. ಇಷ್ಟೇ ಇಷ್ಟು ಜಾಗದಲ್ಲಿ ಅಷ್ಟು ಬಿಸಿ ಹುಟ್ಟುವುದರಿಂದ ಸೆನ್ಸರ್ ಕಣ್ಣುಮಿಟುಕಿಸುವಷ್ಟರಲ್ಲಿ 10ರಿಂದ 15 ಡಿಗ್ರಿ ಮೇಲೆ ತೋರಿಸುತ್ತದೆ. ಕೆಲಸ ಮುಗಿದರೆ ಅಷ್ಟೇ ಬೇಗ ಇಳಿಯುತ್ತದೆ. ಆ ಬಿಸಿ ಕ್ಯಾಬಿನೆಟ್ಟಿನ ಗಾಳಿಗೆ ಬಂದೇ ಇರುವುದಿಲ್ಲ. ಅದರ ಹಿಂದೆ ಕ್ಯಾಬಿನೆಟ್ ಫ್ಯಾನ್ ಓಡಿ ಪ್ರಯೋಜನ ಇಲ್ಲ.

ಮೂರು ಕಡೆ ಕೈಹಾಕಬೇಕು. ಸ್ಮಾರ್ಟ್ ಫ್ಯಾನ್‌ನಲ್ಲಿ ಟೆಂಪರೇಚರ್ ಇಂಟರ್ವಲ್ ಅಂತ ಇದೆ, ಅದನ್ನು 3ಕ್ಕೆ ಇಡಿ. ಬಿಸಿ ಅಷ್ಟು ಡಿಗ್ರಿ ಬದಲಾಗುವ ತನಕ ಫ್ಯಾನ್ ಕದಲುವುದಿಲ್ಲ. ಬೇರೆ ಕಂಪನಿಯ ಬೋರ್ಡ್‌ಗಳಲ್ಲಿ ಸ್ಟೆಪ್ ಅಪ್ ಟೈಮ್, ಸ್ಮೂಥಿಂಗ್ ಅಂತ ಬೇರೆ ಬೇರೆ ಹೆಸರಿನಲ್ಲಿ ಇರುತ್ತದೆ, ಅಲ್ಲಿ ಸೆಕೆಂಡುಗಳಲ್ಲಿ ತಡ ಮಾಡಬಹುದು. ಎರಡನೆಯದು ಕರ್ವ್‌ನ ಆಕಾರ. ಶುರುವಿನಲ್ಲಿ ಉದ್ದಕ್ಕೆ ಸಪಾಟಾಗಿ ಇರಲಿ, ಚಿಕ್ಕಪುಟ್ಟ ಹಾರಾಟ ಎಲ್ಲಾ ಆ ಸಪಾಟಿನೊಳಗೇ ಮುಗಿಯಲಿ. ಮೂರನೆಯದು, ಯಾವ ಸೆನ್ಸರ್ ನೋಡಿ ಓಡಬೇಕು ಅನ್ನುವುದು. ಸಿಪಿಯು ಬದಲು ಸಿಸ್ಟಂ 1 ಆರಿಸಿದರೆ ಬೋರ್ಡಿನ ಬಿಸಿ ನೋಡಿ ಓಡುತ್ತದೆ. ಅದು ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ.

ಸಪಾಟು ಎಲ್ಲಿಯ ತನಕ ಇರಬೇಕು ಅನ್ನುವುದರಲ್ಲಿ ನಮ್ಮ ಊರುಗಳ ಲೆಕ್ಕವೇ ಬೇರೆ. ವಿಡಿಯೋಗಳಲ್ಲಿ ತೋರಿಸುವ ಕರ್ವ್ ಎಲ್ಲಾ ತಂಪು ದೇಶದ ರೂಮಿನವು, ಇಲ್ಲವೇ ಎಸಿ ರೂಮಿನವು. ಅಲ್ಲಿ ರೂಮಿನ ಬಿಸಿ 21, 22 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ, ಅದೂ ಶೀಟಿನ ಮನೆ ಆದರೆ, 35 ದಾಟುತ್ತದೆ. ಫ್ಯಾನ್ ಎಷ್ಟು ತಿರುಗಿದರೂ ರೂಮಿಗಿಂತ ತಂಪು ಮಾಡಲಾರದು. ರೂಮು 10 ಡಿಗ್ರಿ ಏರಿದರೆ ಸಿಪಿಯು ಕೂಡ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಡಿಸೆಂಬರ್‌ನಲ್ಲಿ 38ರಲ್ಲಿ ಕೂತಿದ್ದ ಸಿಪಿಯು ಏಪ್ರಿಲ್‌ನಲ್ಲಿ ಏನೂ ಕೆಲಸ ಇಲ್ಲದೆಯೇ 50ರಲ್ಲಿ ಕೂರುತ್ತದೆ. ವಿಡಿಯೋ ನೋಡಿ 45ಕ್ಕೆ ಏರಲು ಶುರುವಾಗುವ ಕರ್ವ್ ಹಾಕಿದರೆ ಬೇಸಿಗೆ ಪೂರ್ತಿ ಫ್ಯಾನ್ ಮೇಲೇ ಇರುತ್ತದೆ, ಏನೂ ಲಾಭ ಇಲ್ಲದೆ.

ಅದಕ್ಕೆ ಕರ್ವ್ ಬರೆಯುವ ಸರಿಯಾದ ಸಮಯ ಏಪ್ರಿಲ್ ಮಧ್ಯಾಹ್ನ. ಅಲ್ಲಿಯ ತನಕ ಕಾಯಲಾಗದಿದ್ದರೆ ಈಗಿನ ಖಾಲಿ ಕೂತ ಬಿಸಿಗೆ, ಏಪ್ರಿಲ್‌ಗೆ ರೂಮು ಎಷ್ಟು ಏರುತ್ತದೋ ಅಷ್ಟು ಕೂಡಿಸಿ, ಮೇಲೆ ಹಾರಾಟಕ್ಕೆ ಇನ್ನೊಂದು 10 ಸೇರಿಸಿ. ಸಿಪಿಯು ಸೆನ್ಸರ್ ನೋಡುವುದಾದರೆ ನಿಮಗೆ ಅದು 60ರ ಹತ್ತಿರ ಬರುತ್ತದೆ. 60ರ ತನಕ 40 ಪರ್ಸೆಂಟ್, 70ಕ್ಕೆ 55, 80ಕ್ಕೆ 75, 85ಕ್ಕೆ 100. ನಿಮ್ಮ 5600ರ ಮಿತಿ 90 ಡಿಗ್ರಿ. 65 ನೋಡಿ ಹೆದರಬೇಡಿ. ಹಿಂದಿನ ಫ್ಯಾನಿಗೂ ಇದೇ ಆಕಾರ, ಆದರೆ 50 ಪರ್ಸೆಂಟ್‌ನಿಂದ ಶುರು.

ಸದ್ದಿನ ಲೆಕ್ಕವನ್ನೂ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಫ್ಯಾನ್ ಇಳಿಸಲು ಧೈರ್ಯ ಬರುತ್ತದೆ. ಫ್ಯಾನ್ 1400ರಿಂದ 1000ಕ್ಕೆ ಇಳಿದರೆ ಗಾಳಿ ಸುಮಾರು 71 ಪರ್ಸೆಂಟ್ ಉಳಿಯುತ್ತದೆ. ಸದ್ದು ಮಾತ್ರ ಸುಮಾರು 7 ಡೆಸಿಬೆಲ್ ಇಳಿಯುತ್ತದೆ, ಅದು ಕಿವಿಗೆ ಚೆನ್ನಾಗಿ ಗೊತ್ತಾಗುವ ವ್ಯತ್ಯಾಸ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧ, ಸದ್ದು 15 ಡೆಸಿಬೆಲ್ ಕಡಿಮೆ.

ಭಟ್ಟಿ ಏರಿಯಾ:

ದಾವಣಗೆರೆಯವರಿಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಹೊಗೆ, ಹೊಟ್ಟಿನ ಧೂಳು, ಎರಡೂ ಇದೆ. ಕ್ಯಾಬಿನೆಟ್ ಮುಂದಿನ ಜಾಲರಿ ಒಳಗಡೆಯಿಂದ ನೋಡಿದರೆ ಕಂದು ಬಣ್ಣದ ಕಂಬಳಿ ಹಾಸಿದ ಹಾಗೆ ಕಾಣುತ್ತದೆ. ಹೊರಗಡೆಯಿಂದ ಏನೂ ಗೊತ್ತಾಗುವುದಿಲ್ಲ. ಆ ಸ್ಥಿತಿಯಲ್ಲಿ ಫ್ಯಾನ್ ಫುಲ್ ತಿರುಗಿದರೂ ಗಾಳಿ ಬರಲ್ಲ, ಸದ್ದು ಮಾತ್ರ ಬರುತ್ತದೆ. ಕರ್ವ್ ಸರಿಮಾಡುವ ಮೊದಲು ಜಾಲರಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಇಲ್ಲದಿದ್ದರೆ ಧೂಳಿಗೆ ಕರ್ವ್ ಬರೆದ ಹಾಗಾಗುತ್ತದೆ.

ಬ್ಲೋವರ್‌ನಿಂದ ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಮೋಟಾರ್ ತಿರುಗಿದಾಗ ಅದೇ ಕರೆಂಟ್ ಹುಟ್ಟಿಸುತ್ತದೆ, ಅದು ಬೋರ್ಡಿಗೆ ಹೋಗುವುದೂ ಬೇಡ.

ವಿನೋಬನಗರ:

ಮುಂದೆ ಮೂರು ಒಳಗೆ, ಹಿಂದೆ ಒಂದು ಹೊರಗೆ ಅಂದರೆ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳಲ್ವಾ? ಸಮ ಇರಬೇಕು ಅಂತ ಕೇಳಿದ್ದೆ.

ಭಟ್ಟಿ ಏರಿಯಾ:

ಸಿಕ್ಕಿಹಾಕಿಕೊಳ್ಳಲ್ಲ ಅಕ್ಕ. ಒಳಗೆ ಬಂದ ಗಾಳಿ ಹಿಂದಿನ ಸಂದಿ, ಕಾರ್ಡಿನ ಪಕ್ಕದ ತೂತು, ಎಲ್ಲೆಂದರಲ್ಲಿ ಹೊರಗೆ ಹೋಗುತ್ತದೆ. ನಮ್ಮಂಥ ಧೂಳಿನ ಊರಿಗೆ ಒಳಗೆ ಬರುವುದು ಜಾಸ್ತಿ ಇರುವುದೇ ಒಳ್ಳೆಯದು. ಬರುವ ಗಾಳಿ ಎಲ್ಲಾ ಜಾಲರಿ ದಾಟಿಯೇ ಬರುತ್ತದೆ. ಹೊರಗೆ ಎಳೆಯುವುದು ಜಾಸ್ತಿಯಾದರೆ ಸಂದಿಗಳಿಂದ ಧೂಳು ಒಳಗೆ ಎಳೆದುಕೊಳ್ಳುತ್ತದೆ. ಫ್ಯಾನಿನ ಯಾವ ಬದಿಗೆ ಪ್ಲಾಸ್ಟಿಕ್ ಕಡ್ಡಿಗಳ ಆಸರೆ ಇದೆಯೋ ಗಾಳಿ ಆ ಕಡೆ ಹೋಗುತ್ತದೆ, ಒಮ್ಮೆ ನೋಡಿಕೊಳ್ಳಿ.

ನಿಟ್ಟುವಳ್ಳಿ ಹುಡುಗ:

ಜಾಲರಿ ತೊಳೆದೆ. ಇಂಟರ್ವಲ್ 3 ಹಾಕಿ, ಸಿಸ್ಟಂ 1 ಸೆನ್ಸರ್ ಆರಿಸಿದೆ. ಅದಕ್ಕೆ 60 ಡಿಗ್ರಿ ಸರಿಹೊಂದುವುದಿಲ್ಲ ಅಂತ 45ರ ತನಕ ಸಪಾಟು ಇಟ್ಟೆ. ಬ್ರೌಸರ್, ಫೋಲ್ಡರ್ ಯಾವುದಕ್ಕೂ ಈಗ ಫ್ಯಾನ್ ಏಳುವುದಿಲ್ಲ. ಬಹಳ ನೆಮ್ಮದಿ.

ಆದರೆ ಕಲರ್ ಗ್ರೇಡಿಂಗ್ ಮಾಡುವಾಗ 3060 ಕಾರ್ಡ್ 80ಕ್ಕೆ ಹೋಯಿತು, ಅದರ ಸ್ವಂತ ಫ್ಯಾನ್ ಜೋರಾಗಿ ಕಿರುಚಿತು. ಕ್ಯಾಬಿನೆಟ್ ಫ್ಯಾನ್‌ಗಳು ಮಾತ್ರ ಏನೂ ಗೊತ್ತಿಲ್ಲದ ಹಾಗೆ 40 ಪರ್ಸೆಂಟ್‌ನಲ್ಲೇ ಇದ್ದವು.

ಕೋಟೆನಾಡು:

ನಿಜಕ್ಕೂ ಅವಕ್ಕೆ ಗೊತ್ತಿಲ್ಲ. ಬಯಾಸ್‌ನ ಸೆನ್ಸರ್ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ಇಲ್ಲ, ಅಲ್ವಾ? ಆದರೆ ನಿಮ್ಮ ಪಿಸಿಯಲ್ಲಿ ಬಿಸಿ ಜಾಸ್ತಿ ಹುಟ್ಟುವುದೇ ಅಲ್ಲಿ. 5600 ಪೂರ್ತಿ ದುಡಿದರೂ 76 ವ್ಯಾಟ್. 3060 ಕಾರ್ಡ್ 170 ವ್ಯಾಟ್. ಆ 170 ವ್ಯಾಟನ್ನು ಕಾರ್ಡಿನ ಫ್ಯಾನ್ ಕ್ಯಾಬಿನೆಟ್ಟಿನ ಒಳಗೇ ಸುರಿಯುತ್ತದೆ. ಅದನ್ನು ಹೊರಗೆ ಹಾಕುವುದು ಕ್ಯಾಬಿನೆಟ್ ಫ್ಯಾನ್‌ಗಳ ಕೆಲಸ.

ವಿಂಡೋಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಅದರಲ್ಲಿ ಸಿಪಿಯುಗೆ ಒಂದು ಕರ್ವ್, ಜಿಪಿಯುಗೆ (ಗ್ರಾಫಿಕ್ಸ್ ಕಾರ್ಡಿಗೆ) ಒಂದು ಕರ್ವ್ ಬರೆಯಿರಿ. ಆಮೇಲೆ ಮಿಕ್ಸ್ ಕರ್ವ್ ಮಾಡಿ, ಎರಡರಲ್ಲಿ ಯಾವುದು ಜಾಸ್ತಿ ಕೇಳುತ್ತದೋ ಅದನ್ನು ತೆಗೆದುಕೊಳ್ಳುವ ಹಾಗೆ ಮ್ಯಾಕ್ಸ್ ಇಡಿ. ಕ್ಯಾಬಿನೆಟ್ ಫ್ಯಾನ್‌ಗಳನ್ನು ಈ ಮಿಕ್ಸ್‌ಗೆ ಕಟ್ಟಿ. ಕ್ಯಾಬಿನೆಟ್ ಫ್ಯಾನ್ ಸ್ವಲ್ಪ ಏರಿದರೆ ಕಾರ್ಡಿನ ಫ್ಯಾನ್ ಬಹಳ ಇಳಿಯುತ್ತದೆ, ಒಟ್ಟು ಸದ್ದು ಕಡಿಮೆಯಾಗುತ್ತದೆ.

ಡೌನ್‌ಲೋಡ್ ಮಾಡುವಾಗ ಹೊಸ ಆವೃತ್ತಿಯನ್ನೇ ತೆಗೆದುಕೊಳ್ಳಿ. ಹಳೆಯವು ವಿನ್‌ರಿಂಗ್0 ಅನ್ನುವ ಡ್ರೈವರ್ ಬಳಸುತ್ತಿದ್ದವು, ಅದರಲ್ಲಿ ಭದ್ರತೆಯ ಲೋಪ ಇತ್ತು. 2025ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ಹಿಡಿಯತೊಡಗಿ ಎಷ್ಟೋ ಜನರ ಫ್ಯಾನ್ ಕಂಟ್ರೋಲ್ ಒಂದೇ ಸಲ ನಿಂತಿತು. ಹೊಸ ಆವೃತ್ತಿ ಬೇರೆ ಡ್ರೈವರ್‌ಗೆ ಬದಲಾಗಿದೆ. ಡಿಫೆಂಡರ್ ಆಫ್ ಮಾಡಿ ಹಳೆಯದನ್ನು ಓಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಬೋರ್ಡ್ ಕಂಪನಿಯ ಫ್ಯಾನ್ ಪ್ರೋಗ್ರಾಂ ಇದ್ದರೆ ತೆಗೆದುಹಾಕಿ. ಎರಡು ಪ್ರೋಗ್ರಾಂ ಒಂದೇ ಫ್ಯಾನಿಗೆ ಬೇರೆ ಬೇರೆ ಅಪ್ಪಣೆ ಕೊಟ್ಟರೆ ಮತ್ತೆ ಏರಿಳಿತ ಶುರು.

ಬಯಾಸ್‌ನ ಕರ್ವ್ ಹಾಗೇ ಇರಲಿ, ಅಳಿಸಬೇಡಿ. ಪ್ರೋಗ್ರಾಂ ಶುರುವಾಗುವ ತನಕ ಮತ್ತು ಶುರುವಾಗದ ದಿನ ಅದೇ ಕಾಯುವುದು.

ವಿನೋಬನಗರ:

ನನ್ನದು ಕರೆಂಟ್ ಹೋಗಿ ಬಂದು ಆನ್ ಮಾಡಿದಾಗ ಕೆಲವು ಸೆಕೆಂಡ್ ಜೋರಾಗಿ ಸದ್ದು ಮಾಡಿ ಆಮೇಲೆ ತಣ್ಣಗಾಗುತ್ತದೆ. ಇದೂ ತೊಂದರೆಯಾ?

ಮಂಡಿಪೇಟೆ:

ಅಲ್ಲಮ್ಮ. ಬೋರ್ಡ್ ಎಚ್ಚರವಾಗಿ ಕರ್ವ್ ಓದುವ ತನಕ ಫ್ಯಾನ್ ಪೂರ್ತಿ ತಿರುಗುತ್ತದೆ, ಬಹಳ ಬೋರ್ಡ್‌ಗಳಲ್ಲಿ ಹೀಗೇ. ಸದ್ದು ಇಳಿಯದೇ ಉಳಿದರೆ ಮಾತ್ರ ನೋಡಬೇಕು.

ಹೊಳಲ್ಕೆರೆ ರೋಡ್:

ಹಬ್ ಬೇಡ, ಮೂರನ್ನೂ ಸ್ಪ್ಲಿಟರ್ ಹಾಕಿ ಒಂದೇ ಹೆಡರ್‌ಗೆ ಕೊಟ್ಟರೆ ಬೋರ್ಡ್ ತಡೆಯುತ್ತದಾ?

ಮಂಡಿಪೇಟೆ:

ಫ್ಯಾನಿನ ನಡುವಿನ ಸ್ಟಿಕ್ಕರ್ ಓದಿ, ಆಂಪಿಯರ್ ಬರೆದಿರುತ್ತದೆ. ಬೋರ್ಡಿನ ಪುಸ್ತಕದಲ್ಲಿ ಹೆಡರ್ ಎಷ್ಟು ತಡೆಯುತ್ತದೆ ಅಂತ ಇರುತ್ತದೆ, ಬಹಳ ಕಡೆ 1 ಆಂಪಿಯರ್, ಕೆಲವು ಕಡೆ 2. ಒಂದೊಂದು 0.2 ಆಂಪಿಯರ್ ಇದ್ದರೆ ಮೂರಕ್ಕೆ 0.6, ಆರಾಮಾಗಿ ನಡೆಯುತ್ತದೆ. 0.35 ಇದ್ದರೆ 1.05. ಅದು 1 ಆಂಪಿಯರ್ ಹೆಡರ್‌ಗೆ ಬೇಡ, ಸಾಟಾ ಹಬ್ಬೇ ಇರಲಿ.

ನಿಟ್ಟುವಳ್ಳಿ ಹುಡುಗ:

ಫ್ಯಾನ್‌ಕಂಟ್ರೋಲ್ ಹಾಕಿದೆ. ಈಗ ಇರುವ ಸ್ಥಿತಿ ಬರೆಯುತ್ತೇನೆ, ಇದೇ ತೊಂದರೆ ಇರುವವರಿಗೆ ಉಪಯೋಗ ಆಗಲಿ.

ಸಿಪಿಯು ಫ್ಯಾನ್ ಪೂರ್ತಿ ಬಯಾಸ್ ಕೈಯಲ್ಲಿ. ಮುಂದಿನ ಮೂರು ಹಬ್ ಮೂಲಕ ಸಿಸ್ ಫ್ಯಾನ್ 2ರಲ್ಲಿ, ಪಿಡಬ್ಲ್ಯೂಎಂ ಮೋಡ್. ಹಿಂದಿನದು ಸಿಸ್ ಫ್ಯಾನ್ 1ರಲ್ಲಿ, ವೋಲ್ಟೇಜ್ ಮೋಡ್, 50ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎರಡೂ ಮಿಕ್ಸ್ ಕರ್ವ್‌ನಲ್ಲಿ. ಜಿಪಿಯು 60 ದಾಟಿದರೆ ಏರಲು ಶುರು, 75ಕ್ಕೆ 70 ಪರ್ಸೆಂಟ್. ಅದೇ ಕಲರ್ ಗ್ರೇಡಿಂಗ್ ಈಗ ಮಾಡಿದರೆ ಕಾರ್ಡ್ 73, 74ರಲ್ಲಿ ನಿಲ್ಲುತ್ತದೆ, ಅದರ ಫ್ಯಾನ್ ಕಿರುಚುವುದಿಲ್ಲ. ರಾತ್ರಿ ರೆಂಡರ್ ಹಾಕಿದೆ, ಅಜ್ಜಿ ಮಲಗಿದ್ದರು. ಬೆಳಿಗ್ಗೆ ಕೇಳಿದರೆ ಕಂಪ್ಯೂಟರ್ ಆನ್ ಇತ್ತಾ ಅಂದರು.

ಕೊನೆಯದಾಗಿ ಒಂದು. ಹಿಂದಿನ ಮೂರು ಪಿನ್ ಫ್ಯಾನ್ 50ರಲ್ಲೂ ಹತ್ತಿರ ಹೋದರೆ ಕಟಕಟ ಅನ್ನುತ್ತದೆ. ಬದಲಿಸುವುದಾದರೆ ಏನು ತೆಗೆದುಕೊಳ್ಳಲಿ?

ಮಂಡಿಪೇಟೆ:

ಕಟಕಟ ಅಂದರೆ ಸ್ಲೀವ್ ಬೇರಿಂಗ್ ಒಣಗುತ್ತಿದೆ. ಬಿಸಿ ಊರಲ್ಲಿ ಅದು ಬೇಗ ಒಣಗುತ್ತದೆ. ಎಣ್ಣೆ ಬಿಟ್ಟರೆ ಕೆಲವು ದಿನ ನಡೆಯುತ್ತದೆ, ಮತ್ತೆ ಅದೇ.

ಕೋಟೆನಾಡು:

ನಾಲ್ಕು ಪಿನ್ನಿನ 120 ಎಂಎಂ ತೆಗೆದುಕೊಳ್ಳಿ, ಡಬ್ಬಿಯ ಮೇಲೆ ಫ್ಲೂಯಿಡ್ ಡೈನಮಿಕ್ ಬೇರಿಂಗ್ ಅಥವಾ ಎಫ್‌ಡಿಬಿ ಅಂತ ಇರಲಿ. ಲೈಟ್ ಬೇಡ ಅಂದರೆ ಅದೇ ದುಡ್ಡಿಗೆ ಒಳ್ಳೆಯ ಬೇರಿಂಗ್ ಸಿಗುತ್ತದೆ. ಹಾಕಿದ ಮೇಲೆ ಸಿಸ್ ಫ್ಯಾನ್ 1ನ್ನು ವೋಲ್ಟೇಜ್‌ನಿಂದ ಪಿಡಬ್ಲ್ಯೂಎಂಗೆ ಬದಲಿಸುವುದನ್ನು ಮರೆಯಬೇಡಿ. ಕನಿಷ್ಠ ಎಷ್ಟು ಅಂತ ಮಂಡಿಪೇಟೆ ಸರ್ ಹೇಳಿದ ರೀತಿಯಲ್ಲೇ ಮತ್ತೆ ಅಳೆಯಿರಿ, ಪಿಡಬ್ಲ್ಯೂಎಂ ಫ್ಯಾನ್ 50ಕ್ಕಿಂತ ಬಹಳ ಕೆಳಗೂ ಸಲೀಸಾಗಿ ಏಳುತ್ತದೆ.